ಎಳೆ ಎಣಿಸಲು ಕಣ್ಣು ಸಾಲದಾದಾಗ ಕಸೂತಿಯನ್ನು ಮುಂದುವರಿಸುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:
ಧಾರವಾಡದ ತವರಿನಿಂದ ತಂದ ಕಸೂತಿಯನ್ನು ಮದುವೆಯಾಗಿ ಶಿರಸಿಗೆ ಬಂದ ಮೇಲೂ ನಾನು ಬಿಟ್ಟಿಲ್ಲ. ಈಗ ರೆಟಿನಾದ ನಡುಭಾಗ ಸವೆಯುವ ಕಾಯಿಲೆ, ಒಣ ಬಗೆಯದು, ಎರಡೂ ಕಣ್ಣುಗಳಿಗೆ ಬಂದಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಸುಕಾಗುತ್ತದೆ. ಗವಂತಿಯಲ್ಲಿ, ಅಂದರೆ ಹೋಗುತ್ತಾ ಬಿಟ್ಟ ಜಾಗವನ್ನು ಮರಳಿ ಬರುತ್ತಾ ತುಂಬುವ ಹೊಲಿಗೆಯಲ್ಲಿ, ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದರೂ ಮರಳಿ ಬರುವಾಗ ಗೋಪುರದ ಚಿತ್ತಾರ ಕೂಡಿಕೊಳ್ಳುವುದಿಲ್ಲ. ಕಪ್ಪು ಇಳಕಲ್ ಸೀರೆಯ ಎಳೆಗಳಂತೂ ಕಾಣಿಸುವುದೇ ಇಲ್ಲ, ಮಳೆಗಾಲದಲ್ಲಿ ಮನೆಯೊಳಗೆ ಬೆಳಕೂ ಇರುವುದಿಲ್ಲ. ಬೇರೆ ದಾರಿಯಿದೆಯೇ?

ಉತ್ತರ, ಕಾರವಾರದಿಂದ:
ಅಕ್ಕಾ, ನಮ್ಮ ಆಯಿಗೂ ಇದೇ ತೊಂದರೆಯಾದಾಗ ಮೊದಲು ಬದಲಿಸಿದ್ದು ಬಟ್ಟೆಯನ್ನು. ಇಂಚಿಗೆ 14 ಚೌಕಗಳಿರುವ ಮ್ಯಾಟಿ ಬಟ್ಟೆಯ ಬದಲು 8 ಚೌಕಗಳದ್ದನ್ನು ತಂದೆವು. 42 ಚೌಕಗಳ ಗೋಪುರ ಆಗ 3 ಇಂಚಿನಿಂದ ಸುಮಾರು ಐದೂಕಾಲು ಇಂಚಿಗೆ ಬೆಳೆಯುತ್ತದೆ; ಸೀರೆಯ ಸೆರಗಿಗೆ ಅದು ಒಪ್ಪದಿದ್ದರೂ ಗೋಡೆಯ ಪಟಕ್ಕೆ ಚೆನ್ನಾಗಿಯೇ ಇರುತ್ತದೆ. ಹೊಲಿಗೆಗೆ ಮುನ್ನ ಹತ್ತು ಹತ್ತು ಚೌಕಗಳಿಗೊಮ್ಮೆ ಉದ್ದಕ್ಕೂ ಅಡ್ಡಕ್ಕೂ ಮೀನಿನ ಗಾಳದ ತೆಳುವಾದ ಬಣ್ಣದ ನೈಲಾನ್ ದಾರವನ್ನು ಹಾಯಿಸಿಡಿ. ಹತ್ತಿಯ ದಾರವನ್ನು ಸೂಜಿ ಚುಚ್ಚಿ ಸೀಳುತ್ತದೆ, ಇದನ್ನು ಸೀಳುವುದಿಲ್ಲ. ಬೆರಳಿಗೆ ತಾಗುವುದರಿಂದ ಎಣಿಕೆ ಎಂದೂ ಹತ್ತನ್ನು ಮೀರುವುದಿಲ್ಲ, ಕೊನೆಗೆ ಎಳೆದರೆ ಸಲೀಸಾಗಿ ಹೊರಬರುತ್ತದೆ. ಇದೊಂದನ್ನು ಮಾಡಿದರೂ ಅರ್ಧ ಕಷ್ಟ ಕಳೆಯುತ್ತದೆ ಎಂಬುದು ನನ್ನ ಅನುಭವ. ಸೂಜಿ ಮೊಂಡು ತುದಿಯ 20ನೇ ನಂಬರಿನದಿರಲಿ. ಕಪ್ಪು ಬಟ್ಟೆಯನ್ನು ಬಿಡಲಾರದಿದ್ದರೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ, ತೂತುಗಳು ಬೆಳ್ಳಗೆ ಕಾಣುತ್ತವೆ.

ಉತ್ತರ, ಕುಮಟೆಯಿಂದ:
ನನಗೂ ನಡುದೃಷ್ಟಿ ಇಲ್ಲ. ಕುತ್ತಿಗೆಗೆ ತೂಗುಹಾಕುವ ಭೂತಗನ್ನಡಿಯನ್ನು ಕೊಳ್ಳುವಾಗ ಹೆಚ್ಚು ಶಕ್ತಿಯದ್ದೇ ಒಳ್ಳೆಯದೆಂದು ನಾನು ಮೋಸಹೋದೆ. 4 ಡಯಾಪ್ಟರಿನ (ಇದು ಮಸೂರದ ಶಕ್ತಿಯ ಅಳತೆ) ಮಸೂರಕ್ಕೆ ಬಟ್ಟೆ 25 ಸೆಂಟಿಮೀಟರಿನಷ್ಟು ದೂರವಿರಬಹುದು. 10ರದ್ದಾದರೆ 10 ಸೆಂಟಿಮೀಟರಿನೊಳಗೇ ಇರಬೇಕು, ಅಲ್ಲಿ ಸೂಜಿ ಎಳೆಯುವ ಕೈ ಹೋಗುವುದಿಲ್ಲ. ಬಲಗೈಯವರಾದರೆ ದೀಪ ಎಡಗಡೆಯಿರಲಿ, ಇಲ್ಲದಿದ್ದರೆ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ದಾರ ಪೋಣಿಸುವ ಗೋಳಿಗೆ ಉಪಾಯ ಸರಳ: ಬೆಳಗ್ಗೆ ಕಣ್ಣಿರುವವರಿಂದ ಹತ್ತು ಸೂಜಿಗಳಿಗೆ ಪೋಣಿಸಿಟ್ಟುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಉತ್ತರ, ಹೊನ್ನಾವರದಿಂದ:
ಮ್ಯಾಟಿಯ ಚೌಕಗಳ ಗೆರೆಗಳು ಒಮ್ಮೆಲೇ ಡೊಂಕಾಗಿ ಕಂಡರೆ ಅದನ್ನು ಬಟ್ಟೆಯ ದೋಷವೆಂದು ತಿಳಿಯಬೇಡಿ. ಒಣ ಬಗೆಯ ಕಾಯಿಲೆ ಕೆಲವರಲ್ಲಿ ಒದ್ದೆ ಬಗೆಗೆ ತಿರುಗುತ್ತದೆ, ಬೇಗ ಚುಚ್ಚುಮದ್ದು ಸಿಕ್ಕರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿಕೊಳ್ಳುತ್ತಿರಿ, ಬದಲಾವಣೆ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಬಿಳಿ ಪಂಚೆಯನ್ನು ಇಂದೇ ಹಾಸಿ ನೋಡಿದೆ, ತೂತುಗಳು ನಿಜವಾಗಿಯೂ ಕಂಡವು. ಗಾಳದ ದಾರವನ್ನು ತರಲು ಅಂಕೋಲೆಗೆ ಹೋಗುವ ಮಗನಿಗೆ ಹೇಳಿದ್ದೇನೆ. ಸಸ್ಯಾಹಾರಿಗಳ ಮನೆಗೆ ಅದೇಕೆಂದು ಅವನು ಇನ್ನೂ ಕೇಳುತ್ತಿದ್ದಾನೆ.