ಮುಂಬೈ ಪ್ರವಾಸ: ಮಂಡಿನೋವಿದ್ದವರು ಎಲಿಫೆಂಟಾ ಹತ್ತಬಹುದೇ?

ಪ್ರಶ್ನೆ: ನನಗೆ 68, ಪತ್ನಿಗೆ 64 ವರ್ಷ. ಡಿಸೆಂಬರಿನಲ್ಲಿ ಮೂರು ದಿನ ಮುಂಬೈ ನೋಡಲು ಧಾರವಾಡದಿಂದ ಹೊರಟಿದ್ದೇವೆ. ಆಕೆಗೆ ಮಂಡಿನೋವು ಇರುವುದರಿಂದ ಎಲಿಫೆಂಟಾ ಗುಹೆಗಳನ್ನು ಕೈಬಿಡಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಖಂಡಿತ ಕೈಬಿಡಬೇಡಿ, ಸರ್. ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ದ್ವೀಪದಲ್ಲಿ ಇಳಿದ ಮೇಲೆ ಸುಮಾರು 120 ಮೆಟ್ಟಿಲುಗಳಿದ್ದು, ಇಕ್ಕೆಲದ ಅಂಗಡಿಗಳ ತಾಡಪಾಲಿನ ನೆರಳಿನಲ್ಲಿ ಸುಧಾರಿಸಿಕೊಳ್ಳುತ್ತಾ ಹತ್ತಬಹುದು. ಆಗದಿದ್ದರೆ ಕುರ್ಚಿಯಲ್ಲಿ ಹೊತ್ತೊಯ್ಯುವವರೂ ಸಿಗುತ್ತಾರೆ, ದರವನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ. ತ್ರಿಮುಖ ಸದಾಶಿವನ ಮುಂದೆ ನಿಂತಾಗ ನನ್ನಾಕೆ ಮಂಡಿಯ ಸುದ್ದಿಯನ್ನೇ ಎತ್ತಲಿಲ್ಲ!

ಉತ್ತರ 2: ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಮರೆಯದಿರಿ. ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ವಿಪರೀತ ನೂಕುನುಗ್ಗಲು, ಲೋಕಲ್ ರೈಲಿನ ಗೋಜಿಗೂ ಹೋಗಬೇಡಿ. ಇಡ್ಲಿ, ಫಿಲ್ಟರ್ ಕಾಫಿ ನೆನಪಾದರೆ ದಕ್ಷಿಣ ಭಾರತೀಯರು ಹೆಚ್ಚಿರುವ ಮಾಟುಂಗಾ ಬಡಾವಣೆ ಇದ್ದೇ ಇದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಮಂಗಳವಾರಕ್ಕೇ ಇಟ್ಟುಕೊಳ್ಳುತ್ತೇವೆ.