ಇಪ್ಪತ್ತು ರೂಪಾಯಿ ಚೀಟಿಯ ಕ್ಲಿನಿಕ್‌ನಲ್ಲಿ ಅವ್ವನ ಶುಗರ್ ತೋರಿಸಬಹುದಾ?

ಪಾಂಡವಪುರದ ಹುಡುಗಿ:
ನಮಸ್ಕಾರ. ನಾವೀಗ ಮೈಸೂರಿನ ಗಾಂಧಿನಗರದಲ್ಲಿ ಬಾಡಿಗೆಗಿದ್ದೇವೆ. ಅವ್ವನಿಗೆ 58 ವರ್ಷ, ಮೂರು ಮನೆ ಕೆಲಸ ಮಾಡುತ್ತಾರೆ. ಆರು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಇಷ್ಟು ದಿನ ಒಂದು ಪ್ರೈವೇಟ್ ಕ್ಲಿನಿಕ್‌ಗೆ ಹೋಗುತ್ತಿದ್ದೆವು. ಫೀಸು, ಮಾತ್ರೆ ಸೇರಿ ತಿಂಗಳಿಗೆ 1,900 ರೂಪಾಯಿ. ಕಳೆದ ತಿಂಗಳು ದುಡ್ಡು ಸಾಲದೆ ಅವ್ವ ದಿನ ಬಿಟ್ಟು ದಿನ ಮಾತ್ರೆ ನುಂಗಿದ್ದಾರೆ. ನನಗೆ ಹೇಳಲೇ ಇಲ್ಲ. ಡಬ್ಬಿಯಲ್ಲಿ ಉಳಿದಿದ್ದನ್ನು ನೋಡಿ ಗೊತ್ತಾಯಿತು.

ಮನೆ ಹತ್ತಿರ ಒಂದು ಟ್ರಸ್ಟ್‌ನ ಆರೋಗ್ಯ ಕೇಂದ್ರ ಇದೆ. ಚೀಟಿಗೆ 20 ರೂಪಾಯಿ, ಮಾತ್ರೆ ಬಹಳ ಕಡಿಮೆಗೆ ಕೊಡುತ್ತಾರಂತೆ. ಸಂಜೆ ಹೊತ್ತು ತೆರೆದಿರುತ್ತೆ. ಅವ್ವ ಮಾತ್ರ "ಅಷ್ಟು ಅಗ್ಗದ ಮಾತ್ರೆ ಕೆಲಸ ಮಾಡುತ್ತಾ? ಅದು ಗತಿ ಇಲ್ಲದವರು ಹೋಗೋ ಜಾಗ" ಅನ್ನುತ್ತಾರೆ. ನಾವಿನ್ಯಾರು ಅಂತ ಕೇಳಿದರೆ ಕೋಪ. ಗೊತ್ತಿದ್ದವರು ಹೇಳಿ.

ಅಗ್ರಹಾರ ಸರ್ಕಲ್:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್‌ನಲ್ಲಿ 5 ಲಕ್ಷದವರೆಗೆ ಸಿಗುತ್ತಲ್ಲ, ಟ್ರಸ್ಟ್ ಯಾಕೆ? ಇಲ್ಲದಿದ್ದರೆ ಕೆ.ಆರ್. ಆಸ್ಪತ್ರೆಗೆ ಬೆಳಗ್ಗೆ ಬೇಗ ಹೋಗಿ ಸಾಲಲ್ಲಿ ನಿಂತರಾಯಿತು.

ಪಾಂಡವಪುರದ ಹುಡುಗಿ:
ಅಣ್ಣಾ, ಅವ್ವನ ಮೂರೂ ಮನೆ ಕೆಲಸ ಇರುವುದೇ ಬೆಳಗ್ಗೆ. ಹೇಳದೆ ರಜಾ ಹಾಕಿದರೆ ಒಂದು ಮನೆಯಂತೂ ಹೋಯಿತು ಅಂತಲೇ ಲೆಕ್ಕ.

ಹಳೇ ಕಾಂಪೌಂಡರ್:
ನಾನು ಇಂಥದೇ ಒಂದು ಕೇಂದ್ರದ ಔಷಧಿ ಕಿಟಕಿಯಲ್ಲಿ ಏಳು ವರ್ಷದಿಂದ ಕೂರುತ್ತಿದ್ದೇನೆ. ನೀವು ಹೇಳಿದ್ದಲ್ಲ, ಊರಿನ ಇನ್ನೊಂದು ತುದಿಯದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆಯುಷ್ಮಾನ್ ವಿಷಯ. ಆ 5 ಲಕ್ಷ ಇಡೀ ಕುಟುಂಬಕ್ಕೆ, ಒಂದು ವರ್ಷಕ್ಕೆ. ಅದು ಆಸ್ಪತ್ರೆಗೆ ಸೇರಿದಾಗ, ಆಪರೇಷನ್ ಆದಾಗ ಕೈಹಿಡಿಯುತ್ತೆ. ತಿಂಗಳ ಶುಗರ್ ಮಾತ್ರೆಗೆ ಬರಲ್ಲ. ಕಾರ್ಡ್ ಇದೆ ಅಂತ ಮೆಡಿಕಲ್ ಶಾಪಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದವರನ್ನು ಎಷ್ಟು ನೋಡಿದ್ದೇನೋ.

ಇನ್ನು ಮಾತ್ರೆ. ಅವ್ವನ ಹಳೇ ಸ್ಟ್ರಿಪ್ ತಿರುಗಿಸಿ ನೋಡಿ ತಾಯಿ. ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಜೊತೆಗೆ ಸಣ್ಣದಾಗಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅಂತ ಏನೋ ಇರುತ್ತೆ. ಔಷಧಿ ಅದೇ. ನಾವು ಕೊಡುವುದರಲ್ಲೂ ಅದೇ ಇರುತ್ತೆ, ದೊಡ್ಡಕ್ಷರದ ಹೆಸರಿನ ಖರ್ಚು ಇರಲ್ಲ ಅಷ್ಟೇ. ಜನೌಷಧಿ ಅಂಗಡಿಯಲ್ಲೂ ಇದೇ ಲೆಕ್ಕ.

ಭಯ ಇರುವುದು ಬೇರೆ ಕಡೆ. ಬಣ್ಣ ಬದಲಾದಾಗ ಜನ ಅದು ಇನ್ನೊಂದು ಮಾತ್ರೆ ಅಂದುಕೊಳ್ಳುತ್ತಾರೆ. ಒಬ್ಬ ಯಜಮಾನರು ಮನೆಯಲ್ಲಿದ್ದ ಗುಲಾಬಿಯನ್ನೂ ನುಂಗಿ, ನಾವು ಕೊಟ್ಟ ಬಿಳಿಯದನ್ನೂ ನುಂಗಿ, ಮಧ್ಯಾಹ್ನ ಮಂಡಿ ಮಾರ್ಕೆಟ್ಟಿನಲ್ಲಿ ಬೆವತು ಕೂತುಬಿಟ್ಟರು. ಎರಡೂ ಗ್ಲಿಮೆಪಿರೈಡ್. ಶುಗರ್ ಪಾತಾಳಕ್ಕೆ ಹೋಗಿತ್ತು. ಪುಣ್ಯಕ್ಕೆ ಯಾರೋ ಟೀ ಅಂಗಡಿಯವರು ಸಕ್ಕರೆ ಹಾಕಿ ಕುಡಿಸಿದರು. ಅಂದಿನಿಂದ ನಾನು ಹಳೇ ಸ್ಟ್ರಿಪ್ ತರದವರನ್ನು ವಾಪಸ್ ಕಳಿಸಿ ತರಿಸುತ್ತೇನೆ. ಬೈಯುತ್ತಾರೆ. ಬೈಯಲಿ.

ಓದಲು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡುತ್ತೇನೆ. ತಟ್ಟೆ ಬರೆದು ಪಕ್ಕದಲ್ಲಿ ಚುಕ್ಕಿ ಇಟ್ಟರೆ ಊಟ ಆದಮೇಲೆ. ಮಾತಿನಲ್ಲಾದರೆ ಉರ್ದುವಿನಲ್ಲಿ 'ಖಾನೇ ಕೆ ಬಾದ್', ತಮಿಳು ಅಜ್ಜಿಯರಿಗೆ 'ಸಾಪ್ಪಿಟ್ಟ ಪಿರಗು'. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟನ್ ಅಕ್ಕಂದಿರ ಹತ್ತಿರ ಇನ್ನೂ ಕೈಸನ್ನೆಯೇ.

ಒಂದು ಮಾತು ಮಾತ್ರ ಮರೆಯಬೇಡಿ. ಅವ್ವ ಮಾತ್ರೆ ಬಿಟ್ಟಿದ್ದನ್ನು ಡಾಕ್ಟರ್ ಹತ್ತಿರ ಹೇಳಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬರೆಯುತ್ತಾರೆ, ಅದು ಜಾಸ್ತಿ ಬರುತ್ತೆ. ವಿಷಯ ಗೊತ್ತಿಲ್ಲದ ಡಾಕ್ಟರ್ ಡೋಸ್ ಏರಿಸಿಬಿಡುತ್ತಾರೆ. ಆಮೇಲೆ ಅವ್ವ ಸರಿಯಾಗಿ ನುಂಗಲು ಶುರು ಮಾಡಿದರೆ ಆ ಯಜಮಾನರ ಕಥೆಯೇ. ದುಡ್ಡಿಲ್ಲದೆ ಬಿಟ್ಟೆ ಅಂತ ಹೇಳಲು ನಾಚಿಕೆ ಪಡುತ್ತಾರೆ, ಗೊತ್ತು. ನೀವೇ ಜೊತೆಗೆ ಹೋಗಿ.

ಎಲ್ಲವೂ ಅಲ್ಲೇ ಆಗುತ್ತೆ ಅಂತ ನಾನು ಹೇಳಲ್ಲ. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರದೆ ನೋಡಿಸಲೇಬೇಕು, ಅದಕ್ಕೆ ನಮ್ಮಂಥವರು ಚೀಟಿ ಬರೆದು ದೊಡ್ಡ ಆಸ್ಪತ್ರೆಗೇ ಕಳಿಸುತ್ತೇವೆ. ಎದೆನೋವು ಬಂದರೆ ಟ್ರಸ್ಟ್ ಕೇಂದ್ರಕ್ಕೆ ಹೋಗಬೇಡಿ, 108ಕ್ಕೆ ಫೋನ್ ಮಾಡಿ.

ಸರಗೂರು ಕಡೆಯವನು:
"ಗತಿ ಇಲ್ಲದವರ ಜಾಗ" ಅನ್ನುವುದಕ್ಕೆ ಒಂದು ಮಾತು. ನಮ್ಮಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಕಟ್ಟಿದ ಸಂಸ್ಥೆಯದು. ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರಿಗಾಗಿ ಕೆಲಸ ಶುರು ಮಾಡಿದವರು. ಈಗ ನಮ್ಮೂರ ಜಮೀನ್ದಾರರೂ ಅಲ್ಲೇ ಸಾಲಲ್ಲಿ ಕೂತಿರುತ್ತಾರೆ. ಅವ್ವನಿಗೆ ಹೇಳಿ ನೋಡಿ.

ಪಾಂಡವಪುರದ ಹುಡುಗಿ:
ಗುರುವಾರ ಸಂಜೆ ಹೋಗಿ ಬಂದೆವು. ಮಾತ್ರೆ ಬಿಟ್ಟಿದ್ದನ್ನು ನಾನೇ ಹೇಳಿದೆ, ಅವ್ವ ತಲೆ ಬಗ್ಗಿಸಿಕೊಂಡರು. ಡಾಕ್ಟರಮ್ಮ ಬೈಯಲಿಲ್ಲ. ಚಪ್ಪಲಿ ಬಿಚ್ಚಿಸಿ ಪಾದ ನೋಡಿದರು. ಆರು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ರಾತ್ರಿ ಎಷ್ಟು ಮುದ್ದೆ ಅಂತ ಕೇಳಿದರು. ಅವ್ವ "ಒಂದು" ಅಂದರು. ಎಷ್ಟು ದೊಡ್ಡದು ಅಂತ ಕೈಯಲ್ಲಿ ತೋರಿಸಿ ಅಂದಾಗ ಸಿಕ್ಕಿಬಿದ್ದರು! ರಕ್ತ ಪರೀಕ್ಷೆಗೆ ಕೊಟ್ಟಿದ್ದೇವೆ. ತಿಂಗಳ ಮಾತ್ರೆಗೆ 310 ರೂಪಾಯಿ ಆಯಿತು.

ಕಾಂಪೌಂಡರ್ ಅಣ್ಣಾ, ಹಳೇ ಮಾತ್ರೆ ಇನ್ನೂ ಎರಡು ಸ್ಟ್ರಿಪ್ ಇದೆ. ದುಡ್ಡು ಕೊಟ್ಟಿದ್ದು, ಮೊದಲು ಅದನ್ನೇ ಮುಗಿಸುತ್ತೇನೆ ಅಂತ ಅವ್ವನ ಹಟ.

ಹಳೇ ಕಾಂಪೌಂಡರ್:
ಅದನ್ನು ಅವರ ಕಿಟಕಿಗೇ ಒಯ್ದು ತೋರಿಸಿ. ಹೆಸರು, ಎಂಜಿ ಎರಡೂ ತಾಳೆಯಾದರೆ ಮೊದಲು ಹಳೆಯದು ಮುಗಿಸಲಿ, ಹೊಸ ಕವರ್ ನೀವೇ ಎತ್ತಿಟ್ಟುಕೊಳ್ಳಿ. ಎರಡೂ ಒಂದೇ ಡಬ್ಬಿಯಲ್ಲಿ ಮಾತ್ರ ಬೇಡ.