ಚಿಗುರಿದ ಕಾಳುಮೆಣಸಿನ ಕುಡಿಗಳು ಬುಡದಿಂದ ಕೊಳೆಯುತ್ತಿವೆ, ಮಳೆಗಾಲದೊಳಗೆ ಗಿಡ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:

ನಮ್ಮ ಅಡಿಕೆ ತೋಟದಲ್ಲಿ ನೆಡುವುದಕ್ಕೆಂದು ಶಿವರಾತ್ರಿಯ ಹೊತ್ತಿಗೆ ಪಣಿಯೂರು-1 ತಳಿಯ ಹಳೆಯ ಬಳ್ಳಿಯಿಂದ ಹಬ್ಬು ಕುಡಿಗಳನ್ನು ಬೇರ್ಪಡಿಸಿ, ಎರಡು ಮೂರು ಗೆಣ್ಣುಗಳ ತುಂಡುಗಳಾಗಿ ಕತ್ತರಿಸಿ, 60 ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ನೆಟ್ಟಿದ್ದೆ. ಮೂರನೆಯ ವಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಚಿಗುರಿದವು. ಆದರೆ ಈ ಹತ್ತು ದಿನಗಳಲ್ಲಿ 22 ತುಂಡುಗಳ ಚಿಗುರು ಬಾಡಿದೆ, ಕಾಂಡ ಬುಡದಿಂದ ಕಪ್ಪಾಗುತ್ತಿದೆ. ನೀರು ಸಾಲದೆಂದು ಭಾವಿಸಿ ದಿನಕ್ಕೆ ಎರಡು ಬಾರಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ಕೊಟ್ಟೆಗಳು ಹಲಸಿನ ಮರದ ನೆರಳಿನಲ್ಲಿವೆ. ಈ ಬಳ್ಳಿಯನ್ನು ನಮ್ಮ ತಂದೆಯವರು ನೆಟ್ಟು ಬೆಳೆಸಿದ್ದರಿಂದ ಇದರ ಸಂತತಿ ಉಳಿಯಬೇಕೆಂಬ ಆಸೆ ನನಗಿದೆ.

ಉತ್ತರ, ಕುಮಟಾದಿಂದ:

ಚಿಗುರು ಬಂದ ಮಾತ್ರಕ್ಕೆ ಬೇರು ಬಂದಿದೆ ಎಂದು ತಿಳಿಯಬಾರದು. ತುಂಡಿನ ಕಾಂಡದಲ್ಲಿ ಕೂಡಿರುವ ಆಹಾರದಿಂದಲೇ ಎಲೆ ಹೊರಡುತ್ತದೆ. ಅಷ್ಟರೊಳಗೆ ಮಣ್ಣಿನಲ್ಲಿರುವ ಗೆಣ್ಣು ಬೇರೊಡೆಯದಿದ್ದರೆ ಆ ಎಲೆ ಬಾಡಲೇಬೇಕು, ಆಗ ಹೆಚ್ಚು ನೀರು ಕೊಡುವುದು ಕೊಳೆಯುವುದಕ್ಕೆ ನೆರವಾಗುತ್ತದೆ. ಸತ್ತದ್ದೊಂದು, ಚೆನ್ನಾಗಿರುವುದೊಂದು ಕೊಟ್ಟೆಯನ್ನು ಸೀಳಿ ನೋಡಿ. ಮಣ್ಣನ್ನು ಎಲ್ಲಿಂದ ತಂದಿರಿ, ಮರಳು ಬೆರೆಸಿದ್ದೀರಾ ಎಂಬುದನ್ನೂ ತಿಳಿಸಿ.

ಶಿರಸಿಯಿಂದ:

ಸೀಳಿ ನೋಡಿದೆ. ಸತ್ತ ಕೊಟ್ಟೆಯ ತಳದ ಮಣ್ಣು ಮುದ್ದೆಯಾಗಿತ್ತು, ಹಿಂಡಿದರೆ ನೀರು ಬಂತು. ಹೂತಿದ್ದ ಗೆಣ್ಣನ್ನು ಬೆರಳಿನಲ್ಲಿ ಒತ್ತಿದಾಗ ಸಿಪ್ಪೆ ಜಾರಿ, ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯಿತು. ಚೆನ್ನಾಗಿದ್ದುದರಲ್ಲಿ ಎರಡು ಇಂಚಿನಷ್ಟು ಬಿಳಿಯ ಬೇರುಗಳಿವೆ. ಮರಳು ಹಾಕಿಲ್ಲ, ತೋಟದ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಮಾತ್ರ. ಮಣ್ಣು ತೆಗೆದದ್ದು ಬಸಿಗಾಲುವೆಯ ಪಕ್ಕದಲ್ಲಿ. ಅಲ್ಲಿ ಕಳೆದ ಮಳೆಗಾಲ ಎರಡು ಬಳ್ಳಿಗಳು ಸೊರಗು ರೋಗದಿಂದ ಸತ್ತಿದ್ದವು.

ಕುಮಟಾದಿಂದ:

ಕೊನೆಯ ಮಾತೇ ಮುಖ್ಯವಾದದ್ದು. ಮರಳಿಲ್ಲದ ಮಣ್ಣು ಗಾಳಿಯಾಡದೆ ಕೊಳೆಸುವುದು ಒಂದು ತೊಂದರೆ, ಅದನ್ನು ಸರಿಪಡಿಸಬಹುದು. ಆದರೆ ಸೊರಗು ರೋಗದ ಫೈಟಾಫ್ತೊರಾ ರೋಗಾಣು ಮಣ್ಣಿನಲ್ಲಿ ಉಳಿದುಕೊಂಡು, ತೇವ ಸಿಕ್ಕಾಗ ಬೇರಿಗೂ ಬುಡಕ್ಕೂ ತಗಲುತ್ತದೆ. ಆದ್ದರಿಂದ, ಹೇಳಲು ಸಂಕಟವಾದರೂ ಹೇಳಲೇಬೇಕು: ಹಸಿರಾಗಿ ಕಾಣುವ ಆ 38 ಗಿಡಗಳನ್ನೂ ತೋಟಕ್ಕೆ ಒಯ್ಯಬೇಡಿ. ಒಂದು ಕೊಟ್ಟೆಯ ಮಣ್ಣಿನೊಡನೆ ರೋಗ ಆರೋಗ್ಯವಂತ ಬಳ್ಳಿಗಳ ಬುಡಕ್ಕೆ ಹೋದರೆ ತಂದೆಯವರ ಬಳ್ಳಿಗೂ ಅಪಾಯ.

ತಾಯಿಬಳ್ಳಿ ಆರೋಗ್ಯವಾಗಿದ್ದರೆ ಈಗಲೂ ಕಾಲ ಮಿಂಚಿಲ್ಲ. ತೀರ ಎಳೆಯದಾದ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು ಕುಡಿಯ ನಡುಭಾಗವನ್ನು ತೆಗೆದುಕೊಂಡು, ತೊಟ್ಟು ಉಳಿಸಿ ಎಲೆ ಕತ್ತರಿಸಿ, ಒಂದು ಗೆಣ್ಣಾದರೂ ಮಣ್ಣಿನೊಳಗಿರುವಂತೆ ನೆಡಿ. ಮೆಣಸು ಬೆಳೆಯದ ಜಾಗದ ಮಣ್ಣು ಎರಡು ಪಾಲು, ಹೊಳೆಯ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಇರಲಿ. ನಮ್ಮ ಕಡೆಯಿಂದ ಕಡಲದಂಡೆಯ ಮರಳು ತರಿಸಬೇಡಿ, ಅದರಲ್ಲಿ ಉಪ್ಪಿರುತ್ತದೆ. ಕೊಟ್ಟೆಯ ತಳದಲ್ಲಷ್ಟೇ ಅಲ್ಲದೆ ಪಕ್ಕದಲ್ಲಿಯೂ ತೂತು ಮಾಡಿ. ಹಳೆಯ ಮಣ್ಣಿನ ರೋಗಾಣು ಬಿಸಿಲಿನ ಕಾವಿಗೆ ಸಾಯಲೆಂದು ಅದನ್ನು ನೆನೆಸಿ, ಬಿಸಿಲಿನಲ್ಲಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಮಣ್ಣು ಒತ್ತಿ ಮುಚ್ಚಿ ನಾಲ್ಕಾರು ವಾರ ಬಿಡಿ.

ಯಲ್ಲಾಪುರದಿಂದ:

ಹೊಸ ಕೊಟ್ಟೆಗಳಿಗೆ, ರೋಗಾಣುವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು ಬೆರೆಸುವುದೂ ಒಳ್ಳೆಯದು. ಆದರೆ ಅದೇ ಮಣ್ಣಿಗೆ ಮೈಲುತುತ್ತ, ಸುಣ್ಣಗಳಿಂದ ಮಾಡುವ ಬೋರ್ಡೋ ದ್ರಾವಣ ಸುರಿಯಬೇಡಿ. ಅದರಲ್ಲಿರುವ ತಾಮ್ರವು ಆ ಉಪಕಾರಿ ಶಿಲೀಂಧ್ರವನ್ನೂ ಹಾಳುಮಾಡುತ್ತದೆ.

ಶಿರಸಿಯಿಂದ, ಮೃಗಶಿರಾ ಮಳೆ ಹಿಡಿದ ಮೇಲೆ:

ಮನಸ್ಸು ಕಲ್ಲು ಮಾಡಿಕೊಂಡು ಹಳೆಯ ಗಿಡಗಳನ್ನೆಲ್ಲ ಕಿತ್ತು ಸುಟ್ಟೆ. ಹೊಸದಾಗಿ ನೆಟ್ಟ 45 ತುಂಡುಗಳಲ್ಲಿ 37 ಬೇರೂರಿವೆ. ನಿನ್ನೆ ಮೊದಲ ಹತ್ತನ್ನು ಅಡಿಕೆ ಮರಗಳ ಉತ್ತರ ದಿಕ್ಕಿಗೆ, ಬುಡದಿಂದ ಒಂದು ಅಡಿ ದೂರದಲ್ಲಿ ನೆಟ್ಟೆ. ಬಸಿಗಾಲುವೆಯ ಪಕ್ಕದ ಸಾಲನ್ನು ಈ ವರ್ಷ ಖಾಲಿ ಬಿಟ್ಟಿದ್ದೇನೆ. ತಾಯಿಬಳ್ಳಿಯ ಬುಡದಲ್ಲಿ ಹೊರಡುವ ಕುಡಿಗಳು ನೆಲಕ್ಕೆ ತಾಗಿ ಬೇರು ಬಿಡದಂತೆ ಗೂಟಕ್ಕೆ ಸುತ್ತಿಡಲು ಒಂದು ಗೂಟವನ್ನೂ ನೆಟ್ಟಿದ್ದೇನೆ.